ಬಟ್ಟಲ ತಳದ ಕಪ್ಪು

ಹಲ್ಲಿನ ಬೇರಿನೊಳಗೆ ಫೈಲು ಮುರಿದರೆ ಸದ್ದಾಗುವುದಿಲ್ಲ. ಸದ್ದಾಗಿದ್ದರೆ ಕಿವಿಯಾದರೂ ಮೊದಲೇ ಎಚ್ಚರವಾಗುತ್ತಿತ್ತು. ಆ ಬೆಳಿಗ್ಗೆ ಚೊಕ್ಕಕ್ಕನಿಗೆ ಗೊತ್ತಾದದ್ದು ಡಾಕ್ಟರಮ್ಮನ ಭುಜದಿಂದ. ಕಾಲು ಗಂಟೆಯಿಂದ ಒಂದೇ ಹದದಲ್ಲಿ ಬಾಗಿದ್ದ ಆ ಭುಜ, ಯಾರೋ ಹಿಂದಿನಿಂದ ಮುಟ್ಟಿದ ಹಾಗೆ, ಒಂದಿಷ್ಟು ಮೇಲೆದ್ದು ಅಲ್ಲೇ ನಿಂತಿತು. ಎಂಜಲು ಹೀರುವ ನಳಿಗೆ ಹಿಡಿದಿದ್ದ ಚೊಕ್ಕಕ್ಕನ ಕೈಯೂ ನಿಂತಿತು. ಡಾಕ್ಟರಮ್ಮ ಮೋಟಾರು ನಿಲ್ಲಿಸಿ, ಬೇರಿನೊಳಗನ್ನು ಅರೆದು ಚೊಕ್ಕ ಮಾಡುವ ಆ ಸಪೂರ ಫೈಲನ್ನು ಹೊರಗೆಳೆದು ದೀಪದ ಕೆಳಗೆ ಹಿಡಿದರು. ಇಪ್ಪತ್ತೈದು ಮಿಲಿಮೀಟರ್ ಇದ್ದ ತಂತಿ ಇಪ್ಪತ್ತೊಂದಾಗಿ ಹೊರಬಂದಿತ್ತು.

ಕುರ್ಚಿಯಲ್ಲಿ ಬಾಯ್ತೆರೆದು ಮಲಗಿದ್ದವರು ದೊಡ್ಡ ಡಾಕ್ಟರು. ಡಾಕ್ಟರಮ್ಮನ ತಂದೆ. ಇದೇ ಕೋಣೆಯಲ್ಲಿ, ಇದೇ ಕುರ್ಚಿಯ ಪಕ್ಕದಲ್ಲಿ, ಮೂವತ್ತೆಂಟು ವರ್ಷ ನಿಂತು ಊರಿನ ಅರ್ಧ ಬಾಯಿಗಳನ್ನು ನೋಡಿದವರು. ಈಗ ಅವರ ಬಾಯಿಗೇ ನೀಲಿ ರಬ್ಬರು ಹಾಳೆ ಬಿಗಿದಿತ್ತು, ಮಾತಾಡುವಂತಿರಲಿಲ್ಲ. ಕಣ್ಣು ಮಾತ್ರ ಮಗಳ ಕಡೆ ಹೊರಳಿತು. ಎದೆಯ ಮೇಲೆ ಮಡಿಸಿಟ್ಟಿದ್ದ ಕೈಯಿಂದ ಮೂರು ಬೆರಳು ನಿಧಾನವಾಗಿ ಮೇಲೆದ್ದವು.

ಮೂರನೆಯದು. ಆರು ವಾರದೊಳಗೆ ಮೂರನೆಯದು. ಮೊದಲು ಆಚೆ ಬೀದಿಯ ದರ್ಜಿಯ ಬಾಯಲ್ಲಿ, ಆಮೇಲೆ ಬಸ್ಸಿನ ಡ್ರೈವರೊಬ್ಬರ ಬಾಯಲ್ಲಿ, ಈಗ ಹೆತ್ತ ತಂದೆಯ ಬಾಯಲ್ಲಿ. ಎಕ್ಸ್‌ರೇ ತೆಗೆದರು. ಬೇರು ಬಾಗುವ ಕಡೆ, ತುದಿಗೆ ಹತ್ತಿರ, ಸೂಜಿಯ ಮುರುಕಿನಂಥ ಬಿಳಿ ಗೀಟು ಸಿಕ್ಕಿಕೊಂಡಿತ್ತು. ಡಾಕ್ಟರಮ್ಮ ಒಂದೂವರೆ ಗಂಟೆ ಹೆಣಗಾಡಿದರು. ಅದು ಕದಲಲಿಲ್ಲ. ಕೊನೆಗೆ ತಾತ್ಕಾಲಿಕ ಸಿಮೆಂಟು ತುಂಬಿ ಹಾಳೆ ಬಿಚ್ಚಿದಾಗ ದೊಡ್ಡ ಡಾಕ್ಟರು ಬಾಯಿ ಮುಕ್ಕಳಿಸಿ, ದವಡೆಯನ್ನು ಅತ್ತಿತ್ತ ಆಡಿಸಿ, ಇನ್ನು ತಮ್ಮ ಹಲ್ಲಿಗೂ ಒಂದು ತೂಕ ಬಂತು ಎಂದು ನಗಾಡಿದರು.

ಚೊಕ್ಕಕ್ಕನಿಗೆ ಆ ಹೆಸರಿಟ್ಟವರು ಅವರೇ. ಇಪ್ಪತ್ತಾರು ವರ್ಷದ ಹಿಂದೆ ಅವಳು ಕೆಲಸ ಕೇಳಿಕೊಂಡು ಬಂದ ದಿನ ಅವರು ಏನೂ ಕೇಳಲಿಲ್ಲ. ಎಂಜಲಾದ ಒಂದು ಕನ್ನಡಿಕಡ್ಡಿ ಕೊಟ್ಟು ತೊಳೆದು ತಾ ಎಂದರು. ತಂದಳು. ನೋಡಿ, ಚೊಕ್ಕ ಆಯಿತು ಅನ್ನಿಸಿದ ಮೇಲೆ ಇನ್ನೊಂದು ಸಲ ತೊಳಿ, ಅದೇ ಇಲ್ಲಿಯ ಕೆಲಸ, ಎಂದರು. ಆ ಮಾತನ್ನು ಅವಳು ಉಪದೇಶ ತೆಗೆದುಕೊಂಡವಳಂತೆ ಸೆರಗಿಗೆ ಗಂಟು ಹಾಕಿಕೊಂಡಳು. ವರ್ಷದೊಳಗೆ ಎಲ್ಲರ ಬಾಯಲ್ಲೂ ಅವಳು ಚೊಕ್ಕಕ್ಕನಾದಳು. ಆಗ ಒಂಬತ್ತು ವರ್ಷದವರಾಗಿದ್ದ ಡಾಕ್ಟರಮ್ಮ ಶಾಲೆ ಬಿಟ್ಟು ಬಂದು ಇಲ್ಲೇ ಬೆಂಚಿನ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದರು. ಹುಡುಗಿಗೆ ಜಡೆ ಹಾಕಿದ ಕೈಯಲ್ಲೇ ಚೊಕ್ಕಕ್ಕ ಈಗ ಡಾಕ್ಟರಮ್ಮನಿಗೆ ಕೈಗವಸು ಕೊಡುತ್ತಿದ್ದಳು. ರೋಗಿಗಳ ಮುಂದೆ ‘ನೀವು’ ಅನ್ನುವಳು, ಹಿಂದಿನ ಕೋಣೆಯಲ್ಲಿ ‘ನೀನು’. ಡಾಕ್ಟರಮ್ಮ ಎಲ್ಲಿದ್ದರೂ ಅವಳನ್ನು ‘ನೀನು’ ಎಂದೇ ಮಾತಾಡಿಸುವರು.

ಹಿಂದಿನ ಕೋಣೆ ಎಂದರೆ ಕೋಣೆಯಲ್ಲ, ಒಂದು ಓಣಿ. ಒಂದು ಗೋಡೆಗೆ ತೊಟ್ಟಿ, ಒಂದು ಗೋಡೆಗೆ ಹಬೆಯ ಪೆಟ್ಟಿಗೆ, ನಡುವೆ ಒಬ್ಬಳು ತಿರುಗಿ ನಿಲ್ಲುವಷ್ಟು ಜಾಗ. ಅದು ಅವಳ ರಾಜ್ಯ. ಅಲ್ಲಿ ಕೆಲಸ ಮಾಡುವಾಗ ಅವಳ ತುಟಿ ಸಣ್ಣಗೆ ಅಲ್ಲಾಡುತ್ತಲೇ ಇರುತ್ತಿತ್ತು. ತಾಯಿ ಹೇಳುತ್ತಿದ್ದ ಸ್ತುತಿಗಳನ್ನು ಮಡಿಲಲ್ಲಿ ಮಲಗಿ ಕೇಳಿ ಕಲಿತವಳು. ಗಡಿಯಾರ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಕೈ ತೊಳೆಯುವುದಕ್ಕೆ ನಾಲ್ಕು ಸಾಲು. ಉಪಕರಣ ಉಜ್ಜುವುದಕ್ಕೆ ಎಂಟು ಸಾಲು. ಫೈಲುಗಳನ್ನು ಹೈಪೊದಲ್ಲಿ ಅದ್ದಿಡುವುದಕ್ಕೆ ಇಡೀ ಸ್ತುತಿ ಎರಡು ಸಲ. ಸರಿಯಾಗಿ ಐದು ನಿಮಿಷ. ಹೈಪೊ ಅಂದರೆ ಬಟ್ಟೆ ಬಿಳಿ ಮಾಡುವ ಬ್ಲೀಚಿನ ಜಾತಿಯದೇ ನೀರು. ಹಲ್ಲಿನೊಳಗಿನ ಸತ್ತ ಮಾಂಸವನ್ನು ಕರಗಿಸುತ್ತದೆ. ಆ ಐದು ನಿಮಿಷವೂ ಫೈಲುಗಳು ತೂತಿನ ಹಲಗೆಯಲ್ಲಿ ನೇರ ನಿಂತು, ತಂತಿಯಷ್ಟೇ ಮುಳುಗಿ, ಚಿನ್ನದ ಬಣ್ಣದ ಹಿಡಿಕೆ ಮೇಲೆ ಒಣಗಿಯೇ ಇರಬೇಕೆಂಬುದು ಡಾಕ್ಟರಮ್ಮ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿತ್ತು.

ಆ ಫೈಲುಗಳ ಮೇಲೆ ಅವಳಿಗೆ ಒಂದು ಮಮತೆ. ನಿಕ್ಕಲ್ಲು, ಟೈಟೇನಿಯಂ ಎರಡೂ ಬೆರೆತ ತಂತಿ ಅಂತೆ. ದೊಡ್ಡ ಡಾಕ್ಟರ ಕಾಲದ ಉಕ್ಕಿನ ಫೈಲು ಬಾಗಿಸಿದರೆ ಬಾಗಿಯೇ ಇರುತ್ತಿತ್ತು, ಮುದುಕರ ಬೆನ್ನಿನಂತೆ. ಇದು ಹಾಗಲ್ಲ. ಹೆದರಿಕೊಂಡು ಬಂದವರಿಗೆ ಅವಳು ಬಳಸಿ ಮುಗಿದ ಒಂದು ಫೈಲು ತೋರಿಸುವಳು. ಅದನ್ನು ಉಂಗುರದಂತೆ ಬಳಸಿ, ತುದಿಗೆ ತುದಿ ಮುಟ್ಟಿಸಿ, ಬಿಟ್ಟುಬಿಡುವಳು. ಅದು ಸಟಕ್ಕನೆ ನೆಟ್ಟಗಾಗುತ್ತಿತ್ತು, ಏನೂ ಆಗಿಲ್ಲವೆಂಬಂತೆ. ನೋಡಿದಿರಾ, ಇದು ಮುರಿಯೋ ಜಾತಿಯೇ ಅಲ್ಲ, ಎಂದು ಅವಳು ಹೇಳಿದಾಗ ಎಂಥ ಅಂಜುಬುರುಕರೂ ನಕ್ಕು ಬಾಯಿ ತೆರೆಯುತ್ತಿದ್ದರು.

ಎರಡು ತಿಂಗಳ ಹಿಂದೆ ಡಾಕ್ಟರಮ್ಮ ಕನ್ನಡಕಕ್ಕೆ ಸಿಕ್ಕಿಸಿಕೊಳ್ಳುವ ಹೊಸ ಭೂತಗನ್ನಡಿ ತರಿಸಿದರು. ಸಂಜೆ ಕೆಲಸ ಮುಗಿದ ಮೇಲೆ, ಹಾಕ್ಕೊಂಡು ನೋಡಕ್ಕ, ನಿನ್ನ ಬೆರಳೇ ನಿಂಗೆ ಗುರುತು ಸಿಗಲ್ಲ, ಎಂದು ಅವಳ ಮೂಗಿಗೇರಿಸಿದರು. ಚೊಕ್ಕಕ್ಕ ಬೆರಳು ನೋಡಿ ನಕ್ಕಳು, ಉಗುರಿನ ಗೆರೆ ನೋಡಿ ನಕ್ಕಳು. ಆಮೇಲೆ ಸುಮ್ಮನೆ, ಆಗಷ್ಟೇ ತೊಳೆದು ಹಬೆಗೆ ಹಾಕಿ ತೆಗೆದಿದ್ದ ಒಂದು ಫೈಲನ್ನು ಹಿಡಿದು ನೋಡಿದಳು. ತಿರುಚಿನ ಸಂದಿಯಲ್ಲಿ, ಹಿಡಿಕೆಗೆ ಸೇರುವ ಕುತ್ತಿಗೆಯ ಹತ್ತಿರ, ತೌಡಿನ ಕಣದಂಥ ಒಂದು ಬಿಳಿ ಚುಕ್ಕೆ ಅಂಟಿಕೊಂಡಿತ್ತು.

ನಗು ನಿಂತುಹೋಯಿತು. ಇಪ್ಪತ್ತಾರು ವರ್ಷ. ಯಾರ ಹಲ್ಲಿನದು ಯಾರ ಬಾಯಿಗೆ ಹೋಗಿರಬಹುದು ಎಂದುಕೊಂಡಳು. ಡಾಕ್ಟರಮ್ಮ ಅಷ್ಟರಲ್ಲಿ ಬೀಗದ ಕೈ ಹುಡುಕುತ್ತಿದ್ದರು. ಚೊಕ್ಕಕ್ಕ ಏನೂ ಹೇಳಲಿಲ್ಲ, ನಾಚಿಕೆಯಾಯಿತು. ಮರುದಿನ ಸಂಜೆ ಒಂದು ಬಿಳಿಯ ಪಿಂಗಾಣಿ ಬಟ್ಟಲು ತಂದಳು. ಅಂದಂದಿನ ಫೈಲುಗಳನ್ನೆಲ್ಲ ಹಿಡಿಕೆಸಮೇತ ಅದರೊಳಗೆ ಮಲಗಿಸಿ, ಮೇಲೆ ಬರುವಷ್ಟು ಹೈಪೊ ಸುರಿದು, ಮುಚ್ಚಿಟ್ಟು ಮನೆಗೆ ಹೋದಳು. ಕುತ್ತಿಗೆ ಮುಳುಗದಿದ್ದರೆ ಅದೆಂಥ ಸ್ನಾನ ಎಂದುಕೊಂಡಳು.

ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು ಕದಡಿತ್ತು, ಬಟ್ಟಲ ತಳದಲ್ಲಿ ಕಾಡಿಗೆಯಂಥ ಕಪ್ಪು ಇಳಿದಿತ್ತು. ಇಷ್ಟು ಕೊಳೆಯೇ, ಎಂದು ಅವಳಿಗೆ ಒಂದು ಕಡೆ ಹೇಸಿಗೆ, ಒಂದು ಕಡೆ ಎಂಥದೋ ಸಮಾಧಾನ. ಅಂದಿನಿಂದ ರಾತ್ರಿಯಿಡೀ ನೆನೆಹಾಕುವುದು ನೇಮವಾಯಿತು. ಡಾಕ್ಟರಮ್ಮನಿಗೆ ಹೇಳಬೇಕೆಂದು ಅನ್ನಿಸಲೇ ಇಲ್ಲ. ದೇವರಿಗೆ ಒಂದು ನಮಸ್ಕಾರ ಹೆಚ್ಚು ಹಾಕಿದೆನೆಂದು ಯಾರಾದರೂ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ?

ದರ್ಜಿಯ ಹಲ್ಲಿನಲ್ಲಿ ಮೊದಲನೆಯದು ಮುರಿದಾಗ ಇಬ್ಬರೂ ಅದನ್ನು ಗ್ರಹಚಾರ ಎಂದರು. ಡ್ರೈವರ ಹಲ್ಲಿನಲ್ಲಿ ಎರಡನೆಯದು ಮುರಿದಾಗ ಡಾಕ್ಟರಮ್ಮ ಫೈಲುಗಳ ಪಟ್ಟಿ ತೆಗೆದು ನೋಡಿದರು. ಒಂದು ಫೈಲು ಐದು ಹಲ್ಲಿಗಿಂತ ಹೆಚ್ಚು ಬಳಸುವಂತಿಲ್ಲ. ಒಂದೊಂದು ಬಳಕೆಗೂ ಚೊಕ್ಕಕ್ಕ ಹಿಡಿಕೆಯ ಮೇಲೆ ಒಂದೊಂದು ಗೀಟು ಎಳೆಯುವಳು. ಡ್ರೈವರಿಗೆ ಬಳಸಿದ್ದು ಎರಡನೆಯ ಗೀಟಿನದು. ಪಟ್ಟಿಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಅವಳ ಕಡೆಯಿಂದ ತಪ್ಪು ಇಲ್ಲವೆಂದ ಮೇಲೆ ಉಳಿದದ್ದು ಒಂದೇ. ಅದನ್ನು ಡಾಕ್ಟರಮ್ಮ ಆವತ್ತು ಬಾಯಿಬಿಟ್ಟು ಹೇಳಿರಲಿಲ್ಲ.

ಹೇಳಿದ್ದು ತಂದೆಯ ಹಲ್ಲು ಆದ ಮೇಲೆ. ದೊಡ್ಡ ಡಾಕ್ಟರನ್ನು ಆಟೋ ಹತ್ತಿಸಿ ಬಂದು ಚೊಕ್ಕಕ್ಕ ನೋಡಿದರೆ ಡಾಕ್ಟರಮ್ಮ ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕೈಗವಸು ಕಳಚಿ, ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಬೇರೆಯವರದೆಂಬಂತೆ ಅದನ್ನೇ ನೋಡುತ್ತಿದ್ದರು.

“ನನ್ನ ಕೈಯೇ ಹೋಯ್ತಕ್ಕ,” ಎಂದರು. “ಒತ್ತಡ ಎಷ್ಟು ಬೀಳ್ತಿದೆ ಅನ್ನೋದು ಗೊತ್ತಾಗ್ತಿಲ್ಲ. ಗೊತ್ತಾಗ್ತಿಲ್ಲ ಅನ್ನೋದೂ ಗೊತ್ತಾಗ್ತಿಲ್ಲ.”

ಇನ್ನು ಬೇರಿನ ಕೆಲಸ ಮಾಡುವುದಿಲ್ಲವೆಂದೂ, ಅರ್ಧಕ್ಕೆ ನಿಂತ ಬೇರಿನ ಕೆಲಸದವರನ್ನೆಲ್ಲ ಬೇರೆ ಡಾಕ್ಟರ ಹತ್ತಿರ ಕಳಿಸುವುದೆಂದೂ, ತುಂಬುವುದು ಕೀಳುವುದು ಇಷ್ಟರಲ್ಲೇ ಕಾಲ ಹಾಕುವುದೆಂದೂ ಹೇಳಿದರು. ಕೈಯ ಹದ ತಂದೆಯಿಂದ ಬಂದದ್ದು, ತಂದೆಯ ಬಾಯಲ್ಲೇ ಮುಗಿಯಿತು ಎಂದರು. ಅಳಲಿಲ್ಲ. ಅತ್ತಿದ್ದರೆ ಚೊಕ್ಕಕ್ಕನಿಗೆ ಸಮಾಧಾನ ಮಾಡುವ ದಾರಿ ಗೊತ್ತಿತ್ತು. ಈ ಒಣಕಣ್ಣಿಗೆ ಏನು ಮಾಡುವುದು? ಅವಳಿಗೆ ತಿಳಿದದ್ದು ಒಂದೇ. ಹುಡುಗಿಯ ಹಣೆಬರಹ ಕೆಟ್ಟಿರುವಾಗ ತನ್ನ ಕೆಲಸದಲ್ಲಾದರೂ ಕೂದಲೆಳೆಯ ಲೋಪ ಬರಬಾರದು. ಆ ವಾರದಿಂದ ಅವಳು ಹೈಪೊ ಇನ್ನಷ್ಟು ಗಟ್ಟಿ ಮಾಡಿದಳು, ಕೆಲಸವಿಲ್ಲದೆ ಉಳಿದಿದ್ದ ಫೈಲುಗಳನ್ನೂ ಸರದಿಯ ಮೇಲೆ ಹಗಲಲ್ಲೂ ನೆನೆಹಾಕತೊಡಗಿದಳು. ಕಪ್ಪು ಇನ್ನೂ ಹೆಚ್ಚು ಇಳಿಯಿತು. ಇಳಿದಷ್ಟೂ ಒಳ್ಳೆಯದೆಂದುಕೊಂಡಳು.

ಡಾಕ್ಟರಮ್ಮನ ರೋಗಿಗಳಲ್ಲಿ ಕಾಲೇಜಿನಲ್ಲಿ ಲೋಹಗಳ ಪಾಠ ಹೇಳುವ ಒಬ್ಬ ಟೀಚರಿದ್ದರು. ಅರ್ಧ ಬಾಯಿ ಮರಗಟ್ಟಿದ್ದರೂ ಉಳಿದರ್ಧದಲ್ಲಿ ಮಾತಾಡುತ್ತಲೇ ಇರುವ ಹೆಂಗಸು. ಮುರಿದ ಮೂರು ಫೈಲುಗಳನ್ನೂ, ಬಳಕೆಯಲ್ಲಿದ್ದ ಎರಡನ್ನೂ, ಪೊಟ್ಟಣ ಬಿಚ್ಚದ ಒಂದನ್ನೂ ಡಾಕ್ಟರಮ್ಮ ಅವರಿಗೆ ಕೊಟ್ಟಿದ್ದರು. ಕಂಪನಿಯವರು ಕೇಳಿದರೆ ತೋರಿಸಲು ಒಂದು ದಾಖಲೆ ಇರಲೆಂದು ಅಷ್ಟೆ. ತಪ್ಪು ತನ್ನ ಕೈಯದೆಂದು ಅವರು ತೀರ್ಮಾನ ಮಾಡಿಯಾಗಿತ್ತು.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಟೀಚರು ಬಂದರು. ಹೊರಗೆ ಬೆಂಚು ಖಾಲಿಯಿತ್ತು. ದೊಡ್ಡ ಡಾಕ್ಟರೂ ಸಿಮೆಂಟು ತೋರಿಸಲು ಬಂದು ಕುರ್ಚಿಯಲ್ಲಿ ಕೂತಿದ್ದರು. ಟೀಚರು ಉಪಕರಣದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಸೂಕ್ಷ್ಮದರ್ಶಕದಲ್ಲಿ ತೆಗೆದ ಫೈಲುಗಳ ದೊಡ್ಡ ದೊಡ್ಡ ಚಿತ್ರಗಳನ್ನು ಮೇಜಿನ ಮೇಲೆ ಹರವಿದರು. ಚೊಕ್ಕಕ್ಕ ತಟ್ಟೆಗಳನ್ನು ಎತ್ತಿಕೊಂಡು ಗೋಡೆಗೆ ಆತು ನಿಂತಳು.

“ಇದು ಹೊಸದು,” ಎಂದರು ಟೀಚರು. “ಉತ್ತ ಹೊಲದ ಹಾಗೆ ಗೆರೆ ಕಾಣ್ತಿದೆಯಲ್ಲ, ಅದು ಕಾರ್ಖಾನೆಯಲ್ಲಿ ಅರೆದಾಗ ಬಿದ್ದಿದ್ದು. ಅದರ ಚಿಂತೆ ಬೇಡ. ಈಗ ನಿಮ್ಮದು ನೋಡಿ.”

ಎರಡನೆಯ ಚಿತ್ರ ನೋಡಿ ಡಾಕ್ಟರಮ್ಮ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು. ಸಿಡುಬು ತಿಂದ ಮುಖ ಹಾಗಿರುತ್ತದೆ. ತಂತಿಯ ಮೈತುಂಬ ಗುಳಿ. ಗುಳಿಯ ಒಳಗೆ ಗುಳಿ. ಕೆಲವು ಕಡೆ ಎರಡು ಗುಳಿ ಕೂಡಿಕೊಂಡು ಹುಳು ಕೊರೆದ ಹಾದಿ. ಕುತ್ತಿಗೆಯ ಹತ್ತಿರವಂತೂ ಅರ್ಧಕ್ಕರ್ಧ ತಿಂದುಹೋಗಿತ್ತು.

ಟೀಚರು ಪಾಠ ಹೇಳುವ ಧಾಟಿಗೆ ಇಳಿದರು. ಟೈಟೇನಿಯಂ ಗಾಳಿ ಸೋಕಿದ ಕೂಡಲೇ ಮೈಮೇಲೆ ತೆಳ್ಳನೆಯ ಒಂದು ಪೊರೆ ಹೊದ್ದುಕೊಳ್ಳುತ್ತದೆ. ಒಳಗಿರುವ ನಿಕ್ಕಲ್ಲನ್ನು ಕಾಯುವುದು ಆ ಪೊರೆಯೇ. ತಂತಿ ಎಷ್ಟು ಬಾಗಿ ಎಷ್ಟು ನೆಟ್ಟಗಾದರೂ ಪೊರೆಯೂ ಜೊತೆಗೇ ಬಾಗಿ ಜೊತೆಗೇ ಏಳುತ್ತದೆ. ಆದರೆ ಬ್ಲೀಚಿನಂಥ ನೀರಿನಲ್ಲಿ ಹೊತ್ತುಗಟ್ಟಲೆ ಬಿದ್ದಿದ್ದರೆ ಪೊರೆ ಅಲ್ಲಲ್ಲಿ ತೂತಾಗುತ್ತದೆ. ತೂತಿನ ಕೆಳಗೆ ಲೋಹ ಕರಗತೊಡಗುತ್ತದೆ. ಅದರ ಮೇಲೆ, ಹಿಡಿಕೆ ಬೇರೆ ಲೋಹದ್ದು. ಎರಡು ಲೋಹ ಒಂದನ್ನೊಂದು ಮುಟ್ಟಿಕೊಂಡು ಅದೇ ನೀರಿನಲ್ಲಿ ಮುಳುಗಿದರೆ ಬ್ಯಾಟರಿ ಕಟ್ಟಿದ ಹಾಗೆ. ಒಂದು ಉಳಿಯುವುದಕ್ಕೆ ಇನ್ನೊಂದು ಸವೆಯುತ್ತದೆ. ಹೀಗೆ ಗುಳಿಬಿದ್ದ ತಂತಿ ಬೇರಿನ ಬಾಗಿನಲ್ಲಿ ತಿರುಗುವಾಗ, ಗುಳಿ ಎಲ್ಲಿದೆಯೋ ಅಲ್ಲಿಂದಲೇ ಸೀಳುತ್ತದೆ.

“ಕೈ ಹೆಚ್ಚು ಒತ್ತಿ ಮುರಿದಿದ್ರೆ ತಂತಿ ತಿರುಚಿಕೊಂಡ ಗುರುತು ಇರಬೇಕಿತ್ತು,” ಎಂದರು. “ಮೂರರಲ್ಲೂ ಇಲ್ಲ. ಡಾಕ್ಟ್ರೇ, ನಿಮ್ಮ ಕೈ ಏನೂ ಮಾಡಿಲ್ಲ. ಯಾರ ಕೈಗೆ ಕೊಟ್ಟಿದ್ರೂ ಇದು ಮುರೀತಿತ್ತು.”

ಡಾಕ್ಟರಮ್ಮ ಮೇಜಿನ ಅಂಚು ಹಿಡಿದುಕೊಂಡರು. ತಂದೆಯ ಕಡೆ ನೋಡಿದರು. ದೊಡ್ಡ ಡಾಕ್ಟರು ಮೇಲಿನ ದೀಪ ನೋಡುತ್ತ ತಲೆಯಾಡಿಸಿದರು, ಇದು ತಮಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಹತ್ತು ದಿನದಿಂದ ಒಣಗಿದ್ದ ಮಗಳ ಕಣ್ಣುಗಳಲ್ಲಿ ಈಗ ನೀರು ಬಂತು. ಗೋಡೆಗೆ ಆತು ನಿಂತಿದ್ದ ಚೊಕ್ಕಕ್ಕ ತಟ್ಟೆಗಳನ್ನು ಎದೆಗೊತ್ತಿ ಹಿಡಿದಳು.

“ಎಷ್ಟು ಹೊತ್ತು ನೆನೆಸ್ತೀರಿ ಇವನ್ನ?” ಎಂದು ಟೀಚರು ಕೇಳಿದರು.

“ಐದೇ ನಿಮಿಷ. ಹಿಡಿಕೆ ಮುಳುಗಿಸೋದೇ ಇಲ್ಲ.”

“ಐದು ನಿಮಿಷಕ್ಕೆ ಇಷ್ಟಾಗಲ್ಲವಲ್ಲ.” ಟೀಚರು ಚಿತ್ರವನ್ನು ತಿರುಗಿಸಿ ನೋಡಿದರು. “ನೆನೆಸಿದ ನೀರು ಕಪ್ಪಾಗಿದ್ದು ಯಾವತ್ತಾದ್ರೂ ನೋಡಿದೀರಾ? ಎಷ್ಟೋ ಜನ ಅದನ್ನ ಕೊಳೆ ಅಂದ್ಕೋತಾರೆ. ಕೊಳೆ ಅಲ್ಲ ಅದು. ಲೋಹವೇ ತಿಂದುಹೋಗಿ ತಳಕ್ಕೆ ಇಳಿದಿರುತ್ತೆ.”

ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತಲೇ ತಿರುಗಿದರು. “ನೋಡಿದೀಯೇನಕ್ಕ?”

ಎರಡು ತಿಂಗಳ ಬೆಳಗುಗಳು ಒಟ್ಟಿಗೇ ಚೊಕ್ಕಕ್ಕನ ಕಣ್ಣಮುಂದೆ ಮುಚ್ಚಳ ತೆರೆದು ನಿಂತವು. ಬೆಳಗಿಗೊಂದು ಬಟ್ಟಲು, ಬಟ್ಟಲಿಗೊಂದು ತಳ, ತಳದಲ್ಲಿ ಕಪ್ಪು. ಹೇಸಿಗೆಪಟ್ಟು ಚೆಲ್ಲಿದ್ದು. ಚೆಲ್ಲಿ ಸಮಾಧಾನಪಟ್ಟಿದ್ದು. ಕಪ್ಪು ಬಂತೆಂದು ಇನ್ನಷ್ಟು ನೆನೆಸಿದ್ದು. ಅವಳಿಗೆ ತಿಳಿಯುವ ಮೊದಲೇ ಅವಳ ತಲೆ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಆಡಿಬಿಟ್ಟಿತ್ತು.

ಇಲ್ಲ.

“ಹಾಗಾದ್ರೆ ಕಂಪನಿಯದೇ ತಪ್ಪು,” ಎಂದರು ಟೀಚರು. ಡಾಕ್ಟರಮ್ಮ ಆಗಲೇ ಕಾಗದ ಎಳೆದುಕೊಂಡು ಕೂತರು. ಹೊಸ ಜೀವ ಬಂದವರಂತೆ ಬರೆಯುತ್ತ ಬರೆಯುತ್ತ ಓದಿ ಹೇಳುತ್ತಿದ್ದರು. ಮೂರು ಫೈಲು ಮುರಿದದ್ದು, ಪಟ್ಟಿ ಸರಿಯಿರುವುದು, ಚಿತ್ರಗಳನ್ನು ಲಗತ್ತಿಸಿರುವುದು. ಆಮೇಲೆ ಪೆನ್ನು ನಿಲ್ಲಿಸಿ ಒಂದು ಕ್ಷಣ ಯೋಚಿಸಿದರು.

“ತೊಳೆಯೋದು ನೀವೇ ಸರಿಯಾಗಿ ಮಾಡಿರಲ್ಲ ಅಂತ ಅವರು ತಿರುಗಿ ಹೇಳ್ತಾರೆ. ಅದಕ್ಕೆ ಮೊದಲೇ ಬರೀತೀನಿ. ನಮ್ಮಲ್ಲಿ ತೊಳೆಯೋರು ಇಪ್ಪತ್ತಾರು ವರ್ಷದಿಂದ ಇದಾರೆ, ಅವರ ಮೇಲೆ ನನಗೆ ನನ್ನ ಕೈಗಿಂತ ಹೆಚ್ಚು ನಂಬಿಕೆ.”

ಚೊಕ್ಕಕ್ಕ ತಟ್ಟೆಗಳನ್ನು ಇಡುವ ನೆಪದಲ್ಲಿ ಹಿಂದಿನ ಕೋಣೆಗೆ ಬಂದಳು. ತೊಟ್ಟಿಯ ಪಕ್ಕದಲ್ಲಿ ಪಿಂಗಾಣಿ ಬಟ್ಟಲು ಮುಚ್ಚಿಕೊಂಡು ಕೂತಿತ್ತು. ಬೆಳಿಗ್ಗೆ ನೆನೆಹಾಕಿದ್ದು, ಆರು ಫೈಲು. ಮುಚ್ಚಳ ತೆಗೆದಳು. ಮೂಗಿಗೆ ಹೈಪೊದ ಘಾಟು ಹೊಡೆಯಿತು. ಕಪ್ಪು ತಳದಲ್ಲಿ ಮಲಗಿತ್ತು.

ತೊಟ್ಟಿ ಒಂದು ಗೇಣು ದೂರ. ಬಟ್ಟಲನ್ನು ಬಗ್ಗಿಸಿದರೆ ಮುಗಿಯಿತು. ನಾಳೆಯಿಂದ ಎರಡು ಸಲ ಸ್ತುತಿ, ತೂತಿನ ಹಲಗೆ, ಐದು ನಿಮಿಷ. ಫೈಲು ಇನ್ನು ಮುರಿಯುವುದಿಲ್ಲ. ಕಂಪನಿಯವರು ಒಂದು ಕ್ಷಮಾಪಣೆಯ ಪತ್ರ ಬರೆದು ಹೊಸ ಪೆಟ್ಟಿಗೆ ಕಳಿಸಿಯಾರು. ಹುಡುಗಿಗೆ ಅವಳ ಕೈ ಹಿಂದಕ್ಕೆ ಸಿಕ್ಕಿದೆ. ದೊಡ್ಡ ಡಾಕ್ಟರಿಗೆ ಎಲ್ಲವೂ ನಗೆಯ ಮಾತು. ಯಾರಿಗೂ ಏನೂ ನಷ್ಟವಿಲ್ಲ. ಅವಳು ಬಟ್ಟಲನ್ನು ಎತ್ತಿ ತೊಟ್ಟಿಯ ಮೇಲೆ ಹಿಡಿದಳು. ಅಭ್ಯಾಸಬಲದಿಂದ ತುಟಿ ಅಲ್ಲಾಡಿತು. ಸ್ತುತಿಯ ಮೊದಲ ಸಾಲು ತಾನಾಗಿ ಬಂತು. ಎರಡನೆಯ ಸಾಲು ಬರಲಿಲ್ಲ. ಸುಳ್ಳು ಹೇಳಿದ ಬಾಯಿ ಇನ್ನೂ ಬಿಸಿಯಾಗಿತ್ತು. ಇದೇ ಬಾಯಲ್ಲಿ ಅದನ್ನು ಹೇಗೆ ಹೇಳುವುದು ಎಂದು ಅವಳಿಗೆ ಭಯವಾಯಿತು.

ಹೊರಗೆ ಡಾಕ್ಟರಮ್ಮ ಸಹಿ ಹಾಕುವುದರಲ್ಲಿದ್ದರು. ಚೊಕ್ಕಕ್ಕ ಬಂದು ಬಟ್ಟಲನ್ನು ಆ ಕಾಗದದ ಪಕ್ಕದಲ್ಲಿ ಇಟ್ಟಳು. ನೀರು ತುಳುಕಿ ಕಪ್ಪು ಎದ್ದು ಬಟ್ಟಲಲ್ಲೆಲ್ಲ ಹರಡಿತು. ಆರು ಚಿನ್ನದ ಹಿಡಿಕೆಗಳು ಕಾಣದಾದವು.

ಟೀಚರ ಮಾತು ಅರ್ಧಕ್ಕೆ ನಿಂತಿತು.

“ರಾತ್ರಿಯಿಡೀ ನೆನೆಸ್ತಿದ್ದೆ,” ಎಂದಳು ಚೊಕ್ಕಕ್ಕ. “ಈಗ ಹಗಲೂ ನೆನೆಸ್ತೀನಿ. ಹಿಡಿಕೆಸಮೇತ.”

ಡಾಕ್ಟರಮ್ಮ ಬಟ್ಟಲನ್ನು ನೋಡಿದರು. ಅವಳ ಮುಖ ನೋಡಿದರು. ಮತ್ತೆ ಬಟ್ಟಲನ್ನೇ ನೋಡಿದರು.

“ಎಷ್ಟು ದಿನದಿಂದ ಮಾಡ್ತಿದೀರಿ ಇದನ್ನ?”

ಒಂಬತ್ತನೆಯ ವಯಸ್ಸಿನಿಂದ ‘ನೀನು’ ಎಂದ ಬಾಯಿಂದ ‘ನೀವು’ ಬಂದಿತ್ತು. ಬೈದಿದ್ದರೆ ಚೊಕ್ಕಕ್ಕ ತಡೆದುಕೊಳ್ಳುತ್ತಿದ್ದಳು. ಭೂತಗನ್ನಡಿ ಬಂದ ಮರುದಿನದಿಂದ ಎಂದಳು. ಆ ಬಿಳಿ ಚುಕ್ಕೆಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ, ತಾನು ಹೇಳುತ್ತಿರುವುದು ತನಗೇ ನಂಬಿಕೆಯಾಗದೆ, ಚಿಮಟದಿಂದ ಬಟ್ಟಲೊಳಗಿಂದ ಒಂದು ಫೈಲು ಎತ್ತಿ ನೀರಿನಲ್ಲಿ ಜಾಲಿಸಿದಳು. ಅದರ ಹಿಡಿಕೆಯ ಮೇಲೆ ಒಂದೇ ಗೀಟಿತ್ತು. ಒಂದೇ ಹಲ್ಲಿಗೆ ಬಳಸಿದ್ದು. ಎಷ್ಟೋ ಜನರಿಗೆ ತೋರಿಸಿದ ಹಾಗೆ ಅದನ್ನು ಉಂಗುರ ಮಾಡಲು ಬಾಗಿಸಿದಳು. ಅರ್ಧ ಬಳೆಯಷ್ಟೂ ಬಾಗಿರಲಿಲ್ಲ. ಟಿಕ್ ಎಂದಿತು. ಎರಡು ತುಂಡು ಎರಡು ಬೆರಳಲ್ಲಿ ಉಳಿದವು.

ಸದ್ದಾಗುವುದಿಲ್ಲ ಎಂದುಕೊಂಡಿದ್ದಳಲ್ಲ. ಹಲ್ಲಿನ ಹೊರಗೆ ಸದ್ದಾಗುತ್ತದೆ.

ದೊಡ್ಡ ಡಾಕ್ಟರ ಕೈ ತಾನಾಗಿ ಕೆನ್ನೆಗೆ ಹೋಯಿತು. ತಮ್ಮ ಹಲ್ಲಿನ ಮೇಲೆ ಬೆರಳಿಟ್ಟುಕೊಂಡು ಅವರು ಟೀಚರನ್ನು ಕೇಳಿದರು, ಒಳಗಿರುವ ತುಂಡೂ ಹೀಗೇ ಕರಗುತ್ತಾ ಹೋಗುತ್ತದೆಯೇ ಎಂದು. ಹೊರಗಿನದೇನೂ ಸೋಕದ ಹಾಗೆ ಮುಚ್ಚಿಬಿಟ್ಟರೆ ಅದು ಸುಮ್ಮನಿರುತ್ತದೆ ಎಂದು ಟೀಚರು ಮೆಲ್ಲಗೆ ಹೇಳಿದರು. ದೊಡ್ಡ ಡಾಕ್ಟರು ಚೊಕ್ಕಕ್ಕನ ಕಡೆ ತಿರುಗಿದರು.

“ಇನ್ನೊಂದು ಸಲ ತೊಳಿ ಅಂತ ಹೇಳಿಕೊಟ್ಟವನು ನಾನೇ ಅಲ್ವೇನೇ.”

“ನೀವು ಒಂದು ಸಲ ಅಂದ್ರಿ,” ಎಂದಳು ಅವಳು. “ರಾತ್ರಿಯಿಡೀ ಅಂದಿರಲಿಲ್ಲ. ಮುಚ್ಚಿಡು ಅಂತಾನೂ ಅಂದಿರಲಿಲ್ಲ.”

ಡಾಕ್ಟರಮ್ಮ ಬರೆದ ಕಾಗದವನ್ನು ನಾಲ್ಕಾಗಿ ಮಡಿಸಿದರು. ಹರಿಯಲಿಲ್ಲ, ಜೇಬಿಗಿಟ್ಟುಕೊಂಡರು. ಬಳಕೆಯಲ್ಲಿದ್ದ ಫೈಲುಗಳನ್ನೆಲ್ಲ ತರಲು ಹೇಳಿದರು. ಮೂವತ್ತೊಂದು ಇದ್ದವು. ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಬಾಗಿಸಿ ನೋಡುತ್ತ ಹೋದರು. ಕೆಲವು ಎದ್ದು ನೆಟ್ಟಗಾದವು, ಕೆಲವು ಟಿಕ್ ಎಂದವು. ಕೊನೆಗೆ ನೆಟ್ಟಗಾದವನ್ನೂ ಮುರಿದವುಗಳ ಜೊತೆಗೇ ಸೂಜಿ ಎಸೆಯುವ ಡಬ್ಬಿಗೆ ಸುರಿದರು. ಆಮೇಲೆ ದರ್ಜಿಗೆ ಫೋನು ಮಾಡಿದರು. ನಿಮ್ಮ ಹಲ್ಲಲ್ಲಿ ಫೈಲು ಮುರಿದದ್ದು ಗ್ರಹಚಾರವಲ್ಲ, ನಮ್ಮಲ್ಲಿ ತೊಳೆಯುವುದರಲ್ಲಿ ತಪ್ಪಾಗಿತ್ತು, ನಾಳೆ ಬನ್ನಿ, ಇನ್ನೊಮ್ಮೆ ಎಕ್ಸ್‌ರೇ ನೋಡಿ ಮುಂದಿನದು ಮಾಡೋಣ ಎಂದರು. ನಮ್ಮಲ್ಲಿ ಎಂದರೇ ಹೊರತು ಯಾರು ಎನ್ನಲಿಲ್ಲ. ದರ್ಜಿ ಜೋರುಜೋರಾಗಿ ಏನೋ ಅಂದದ್ದು ಗೋಡೆಯವರೆಗೂ ಕೇಳಿಸಿತು. ಡಾಕ್ಟರಮ್ಮ ಎಲ್ಲಕ್ಕೂ ಹೌದು ಎಂದರು.

ಡ್ರೈವರ ನಂಬರು ಒತ್ತುವಾಗ ಚೊಕ್ಕಕ್ಕ ಕೈ ಚಾಚಿದಳು. ಡಾಕ್ಟರಮ್ಮ ಒಂದು ಗಳಿಗೆ ಆ ಕೈಯನ್ನೇ ನೋಡಿ ಫೋನು ಕೊಟ್ಟರು. ಆಚೆಯಿಂದ ಯಾರಮ್ಮಾ ಎಂದ ದನಿ ಬಂತು. ಅವಳು ಕೂತುಕೊಳ್ಳಲಿಲ್ಲ. “ಹಲ್ಲಿನ ಡಾಕ್ಟರಲ್ಲಿ ಫೈಲು ತೊಳೆಯೋಳು ನಾನು,” ಎಂದು ಶುರುಮಾಡಿದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದವಳು ಅವಳೇ. ಬೇಡವೆಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಹಿಂದಿನ ಕೋಣೆಯ ಕಪಾಟಿನ ಮೇಲೆ ಡಾಕ್ಟರಮ್ಮ ಒಂದು ಸಣ್ಣ ಗಡಿಯಾರ ತಂದಿಟ್ಟಿದ್ದರು, ಸೆಕೆಂಡಿನ ಮುಳ್ಳಿರುವಂಥದ್ದು. ಪಕ್ಕದಲ್ಲಿ ಭೂತಗನ್ನಡಿ. ಅದರ ಕೆಳಗೆ ಒಂದು ಚೀಟಿ: ಚುಕ್ಕೆ ಕಂಡರೆ ಎಸೆಯುವುದು, ನೆನೆಸುವುದಲ್ಲ. ಪಿಂಗಾಣಿ ಬಟ್ಟಲು ತೊಟ್ಟಿಯಲ್ಲಿ ಖಾಲಿಯಾಗಿ ಬಿದ್ದಿತ್ತು, ತಳದಲ್ಲಿ ಕಪ್ಪು ಬಳೆಯಂಥ ಕಲೆ ಒಣಗಿತ್ತು. ಚೊಕ್ಕಕ್ಕ ನಾರು ಎತ್ತಿಕೊಂಡಳು, ಬಟ್ಟಲನ್ನು ಎಡಗೈಯಲ್ಲಿ ಹಿಡಿದಳು. ಆಮೇಲೆ ನಾರನ್ನು ಇದ್ದಲ್ಲೇ ಇಟ್ಟು, ಬಟ್ಟಲನ್ನು ಕಲೆಸಮೇತ ಕಪಾಟಿನ ಮೇಲೆ, ಗಡಿಯಾರದ ಪಕ್ಕದಲ್ಲಿ, ಒಳಮೈ ಕಾಣುವ ಹಾಗೆ ಒರಗಿಸಿದಳು.

ಹತ್ತು ಗಂಟೆಗೆ ಡಾಕ್ಟರಮ್ಮ ಹೊಸ ಪೊಟ್ಟಣ ಬಿಚ್ಚಿದರು. ದರ್ಜಿ ಬಾಯ್ತೆರೆದು ಮಲಗಿದ್ದ, ಮುಖ ಇನ್ನೂ ಗಂಟಿಕ್ಕಿಕೊಂಡೇ. ಮುರಿದ ತುಂಡಿನ ಪಕ್ಕದ ಸಂದಿನಲ್ಲಿ ದಾರಿ ಮಾಡಿಕೊಳ್ಳುತ್ತ ಫೈಲು ಒಳಗಿಳಿಯಿತು. ಚೊಕ್ಕಕ್ಕ ನಳಿಗೆ ಹಿಡಿದು ಡಾಕ್ಟರಮ್ಮನ ಭುಜವನ್ನೇ ನೋಡುತ್ತಿದ್ದಳು. ಭುಜ ಬಾಗಿಯೇ ಇತ್ತು. ಇಪ್ಪತ್ತೈದಾಗಿ ಹೋದದ್ದು ಇಪ್ಪತ್ತೈದಾಗಿ ಹೊರಬಂತು.

ಕೆಲಸ ಮುಗಿದ ಮೇಲೆ ಅವಳು ಫೈಲುಗಳನ್ನು ತೂತಿನ ಹಲಗೆಯಲ್ಲಿ ನಿಲ್ಲಿಸಿ, ತಂತಿಯಷ್ಟೇ ಮುಳುಗುವ ಹಾಗೆ ಹೈಪೊ ಹಾಕಿದಳು. ಗಡಿಯಾರ ನೋಡಿದಳು. ಆಮೇಲೆ ತುಟಿ ಅಲ್ಲಾಡಿತು. ಎರಡು ಸಲ ಮುಗಿದಾಗ ಮುಳ್ಳು ಐದು ನಿಮಿಷಕ್ಕೆ ಇನ್ನೂ ಹನ್ನೆರಡು ಸೆಕೆಂಡು ಹಿಂದಿತ್ತು. ಮೂರನೆಯ ಸಲದ ಮೊದಲ ಪದ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಅಲ್ಲೇ ತಡೆದು, ಬಾಯಿ ಮುಚ್ಚಿಕೊಂಡು, ಹಲಗೆಯ ಎರಡು ಕಿವಿ ಹಿಡಿದು ನಿಂತಳು. ಮುಳ್ಳು ಬಂದು ಮುಟ್ಟಿದ ಕೂಡಲೇ ಎತ್ತಿದಳು.